ಏಣಿಯ ಮೇಲಿನ ಜಪಾನಿ ಪಂಡಿತರು

ನಮ್ಮವರಿಗೆ ಜಪಾನಿ ಭಾಷೆ ಬರುತ್ತದೆ ಎಂಬ ಸಂಗತಿ ಬೀದಿಗೆಲ್ಲ ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ. ನನಗೆ ಗೊತ್ತಾದದ್ದು ಮಧ್ಯಾಹ್ನ. ಸ್ವತಃ ಅವರಿಗೆ ಗೊತ್ತಾದದ್ದು ಸಂಜೆ, ಪಕ್ಕದ ಔಷಧಿ ಅಂಗಡಿಯವರು ಬಂದು ಕೈಕುಲುಕಿ ಅಭಿನಂದನೆ ಹೇಳಿದ ಮೇಲೆ.

ಆಗಲೂ ನಾವು ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ನಡೆಸುತ್ತಿದ್ದೆವು. 'ನಡೆಸುತ್ತಿದ್ದೆವು' ಎನ್ನುವುದು ನನ್ನ ಗಂಡನ ಮರ್ಯಾದೆಗಾಗಿ ಆಡುವ ಮಾತು. ನಡೆಸುತ್ತಿದ್ದವರು ನಮ್ಮ ಅತ್ತೆ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ, ಎರಡೂ ಗೋಡೆಗಳಿಗೆ ಸೂರಿನವರೆಗೆ ಮರದ ಗೂಡುಗಳು. ಗೂಡುಗಳ ತುಂಬ ತಗಡಿನ ಕಿರೀಟ, ಮಖಮಲ್ಲಿನ ನಿಲುವಂಗಿ, ಸೇನಾಪತಿಯ ಬೂಟು, ಮಂತ್ರಿಯ ಕೈಗವಸು, ಗಾಜಿಲ್ಲದ ಕನ್ನಡಕ, ಯಾವ ಮೂತಿಗೂ ಅಂಟುವ ಮೀಸೆ. ಬಾಗಿಲು ತೆಗೆದರೆ ನುಸಿಗುಳಿಗೆಯೂ ಹಳೆಯ ಬೆವರೂ ಸೇರಿದ ಒಂದು ವಾಸನೆ ಬರುತ್ತಿತ್ತು. ಈಗಲೂ ಬೆಳಿಗ್ಗೆ ಬಾಗಿಲು ತೆಗೆದಾಗ ಆ ವಾಸನೆ ಬಂದರೆ ನಾನು ಪೊರಕೆ ಕೆಳಗಿಟ್ಟು ಹೊಸಿಲ ಮೇಲೆ ಕೂತುಬಿಡುತ್ತೇನೆ.

ನಮ್ಮ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಯಾವ ನಟನೂ ತನ್ನ ವೇಷವನ್ನು ತಾನೇ ಹಾಕಿಕೊಳ್ಳುವಂತಿರಲಿಲ್ಲ. ರಾಜನಿರಲಿ, ಬಾಗಿಲು ಕಾಯುವವನಿರಲಿ, ಕನ್ನಡಿಯ ಮುಂದೆ ಕೈ ಅಗಲಿಸಿ ನಿಲ್ಲಬೇಕು, ಅತ್ತೆ ಕಾಲಿನಿಂದ ತಲೆಯವರೆಗೆ ಸಜ್ಜು ಮಾಡುವರು. ಎಲ್ಲಿ ಸಡಿಲವೋ ಅಲ್ಲಿ ಮಡಿಚಿ ಗುಂಡುಸೂಜಿ ಚುಚ್ಚುವರು. ಆ ಸೂಜಿಗಳೆಲ್ಲ ಸಾಲಾಗಿ ಅವರ ತುಟಿಗಳ ನಡುವೆ ಇರುತ್ತಿದ್ದವು. ಬಾಯಲ್ಲಿ ಸೂಜಿ ಇಟ್ಟುಕೊಂಡು ಉದ್ದುದ್ದ ಮಾತಾಡಲು ಆಗುವುದಿಲ್ಲವಲ್ಲ, ಅದಕ್ಕೆ ಅತ್ತೆ ವಸ್ತುಗಳ ಹೆಸರು ಹೇಳುವುದನ್ನೇ ಬಿಟ್ಟಿದ್ದರು. ಏನು ಮಾಡಬೇಕೋ ಅಷ್ಟನ್ನೇ ಹೇಳುವರು. 'ಮೆಟ್ಟು' ಎಂದರೆ ಬೂಟು ಬರಬೇಕು. 'ತೊಡು' ಎಂದರೆ ಅಂಗಿ. 'ಬಿಗಿ' ಎಂದರೆ ನಡುಪಟ್ಟಿ, 'ತೂರಿಸು' ಎಂದರೆ ಕೈಗವಸು, 'ಹೊದಿ' ಎಂದರೆ ಬೆನ್ನಿಗಿಳಿಯುವ ಶಾಲು, 'ಏರಿಸು' ಎಂದರೆ ಕನ್ನಡಕ, 'ಕವುಚು' ಎಂದರೆ ಕಿರೀಟ. ಇದೂ ಪೂರ್ತಿಯಾಗಿ ಬಾಯಿಂದ ಹೊರಡುತ್ತಿರಲಿಲ್ಲ. ತುಟಿ ಕೂಡಿಸಿದರೆ ಸೂಜಿ ಚುಚ್ಚುತ್ತದೆ. ಹಾಗಾಗಿ ಪ, ಬ, ಮ ಎಂಬ ಅಕ್ಷರಗಳಿಗೆ ಕೆಲಸದ ಹೊತ್ತಿನಲ್ಲಿ ನಮ್ಮ ಅಂಗಡಿಗೆ ಪ್ರವೇಶವೇ ಇರಲಿಲ್ಲ. 'ಮೆಟ್ಟು' ಎನ್ನುವುದು 'ಎಟ್ಟು' ಆಗುತ್ತಿತ್ತು, 'ಬಿಗಿ' ಎನ್ನುವುದು 'ಇಗಿ'. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ 'ಇಗಿ' ಎಂದಾಗ ನಾನು ಹೆದರಿ ಬೀದಿ ಬಾಗಿಲು ಹಾಕಿ ಚಿಲಕ ಬಿಗಿದಿದ್ದೆ. ಒಳಗೆ ಒಬ್ಬ ಸೇನಾಪತಿ, ಇಬ್ಬರು ದೂತರು ಸಿಕ್ಕಿಕೊಂಡಿದ್ದರು.

ಈ ಭಾಷೆ ಅರ್ಥವಾಗುತ್ತಿದ್ದದ್ದು ಒಬ್ಬರಿಗೆ, ನಮ್ಮವರಿಗೆ. ಅವರ ಸ್ಥಾನ ಏಣಿಯ ಮೇಲೆ. ಅತ್ತೆಯ ಹಲ್ಲಿನ ಸಂದಿಯಿಂದ ಅರ್ಧ ಶಬ್ದ ಹೊರಬೀಳುವುದರೊಳಗೆ ಮೇಲಿನಿಂದ ಸರಿಯಾದ ವಸ್ತು ಕೆಳಗೆ ಬೀಳುತ್ತಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಏಣಿಯ ಮೇಲೇ ಇರುತ್ತಿದ್ದುದರಿಂದ ಬೀದಿಯವರು ಅವರಿಗೆ 'ಏಣಿಯಪ್ಪ' ಎಂದು ಹೆಸರಿಟ್ಟಿದ್ದರು. ಅವರಲ್ಲಿದ್ದ ದೋಷ ಒಂದೇ. ಬೂಟುಗಳಲ್ಲಿ ಎಡ ಯಾವುದು ಬಲ ಯಾವುದು ಎಂಬುದು ಅವರಿಗೆ ಜನ್ಮದಲ್ಲಿ ಹತ್ತಲಿಲ್ಲ. ನೂರು ವಸ್ತು ಸರಿಯಾಗಿ ಕೊಟ್ಟರೂ ಅತ್ತೆಯ ಕಣ್ಣಿಗೆ ಬೀಳುತ್ತಿದ್ದದ್ದು ಆ ಬೂಟು ಮಾತ್ರ. ಗಿರಾಕಿಗಳ ಎದುರಿಗೇ ಸೂಜಿ ತೆಗೆದಿಟ್ಟು, "ತಲೆಗೂದಲು ಹಣ್ಣಾಯ್ತು, ಇನ್ನೂ ಎಡಗಾಲು ಬಲಗಾಲು ಗೊತ್ತಾಗಲ್ವೇನೋ ನಿಂಗೆ? ಈ ಅಂಗಡಿ ನಿನ್ನ ಕೈಗೆ ಕೊಟ್ರೆ ಊರಿನ ರಾಜರೆಲ್ಲ ಕುಂಟ್ತಾರೆ ಅಷ್ಟೆ!" ಎನ್ನುವರು. ಬಯ್ಯಲು ಸೂಜಿ ತೆಗೆಯುತ್ತಿದ್ದರು, ಮೆಚ್ಚಲು ಎಂದೂ ತೆಗೆದದ್ದಿಲ್ಲ.

ಹೀಗಿರುವಾಗ ಅತ್ತೆ ಒಂದು ದಿನ ಊಟಕ್ಕೆ ಕೂತಾಗ ತೀರ್ಮಾನ ಹೇಳಿಬಿಟ್ಟರು. ತಮಗೆ ಮೊಣಕಾಲು ನೋವು. ಕೂತು ಏಳುವುದು ಆಗದು. ತಿಂಗಳು ಮುಗಿಯುತ್ತಲೇ ಸೊಂಟದಲ್ಲಿರುವ ಬೀಗದಕೈ ಗೊಂಚಲನ್ನು ಅಳಿಯಂದಿರಿಗೆ ಕೊಡುತ್ತಾರೆ. ಅಳಿಯಂದಿರು ಎಂದರೆ ನನ್ನ ನಾದಿನಿಯ ಗಂಡ. ಸಿದ್ಧ ಉಡುಪಿನ ದೊಡ್ಡ ಅಂಗಡಿಯಲ್ಲಿ ಮ್ಯಾನೇಜರು, ಇಂಗ್ಲಿಷಿನಲ್ಲಿ ಸೀನುವಷ್ಟು ವಿದ್ಯಾವಂತರು. ಅವರು ಆಗಲೇ ಗೂಡುಗಳ ಅಳತೆ ತೆಗೆದುಕೊಂಡಾಗಿತ್ತು.

"ಈ ತಗಡು, ಹಳೇ ಮಖಮಲ್ಲು ಎಲ್ಲಾ ಗುಜರಿಗೆ ಹಾಕೋಣ ಅತ್ತೆ. ಪ್ಯಾಂಟು ಷರಟು ಇಡೋಣ. ಜನ ತಾವೇ ತಗೋತಾರೆ, ತಾವೇ ಹಾಕ್ಕೋತಾರೆ," ಎಂದರು.

ನಮ್ಮವರು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು. ಆ ಕಿರೀಟಗಳನ್ನು ನಾನು ಹುಣಸೆಹಣ್ಣು ಹಾಕಿ ಉಜ್ಜಿದ್ದೆ. ಆ ಶಾಲುಗಳ ಅಂಚನ್ನು ನಾನು ಹೊಲಿದಿದ್ದೆ. ಅವೆಲ್ಲ ಗುಜರಿಗೆ, ನಮ್ಮವರು ಏಣಿಯಿಂದ ಇಳಿದು ಬೀದಿಗೆ! ಕೋಣೆಗೆ ಬಂದ ಮೇಲೆ ಕೇಳಿದೆ:

"ಏನ್ರೀ, ನಿಮ್ಮಮ್ಮನ ಹತ್ರ ಒಂದು ಮಾತು ಹೇಳ್ಬಾರ್ದಾ? ನಾನೇ ನಡೆಸ್ತೀನಿ ಅಂತ?"

"ಹೇಳ್ಬಹುದು. ಆದ್ರೆ ಅಮ್ಮ ನನ್ನನ್ನ ಏನೋ ಒಂದು ಅಂತ ತಿಳ್ಕೊಳ್ಳೋ ಹಾಗೆ ಮೊದ್ಲು ಏನಾದ್ರೂ ಮಾಡ್ಬೇಕಲ್ಲ," ಎಂದರು.

ಹಾಗೆ ಅವರು ಮಾಡಿದ ಏನಾದರೂ ಯಾವುದೆಂದರೆ, ರಸ್ತೆ ಬದಿಯ ಹಳೆ ಪುಸ್ತಕದ ರಾಶಿಯಿಂದ ಒಂದು ಪುಸ್ತಕ ತಂದದ್ದು. ಇಂಗ್ಲಿಷಿನ ಮೂಲಕ ಜಪಾನಿ ಕಲಿಸುವ ಪುಸ್ತಕ. ರಟ್ಟು ಇರಲಿಲ್ಲ. ರಾಶಿಯಲ್ಲಿ ಕೈಗೆ ಸಿಕ್ಕಿದ್ದು ಅದು. ಫ್ರೆಂಚ್ ಸಿಕ್ಕಿದ್ದರೆ ಫ್ರೆಂಚ್ ಕಲಿಯುತ್ತಿದ್ದರು, ಕೋಳಿ ಸಾಕಾಣಿಕೆ ಸಿಕ್ಕಿದ್ದರೆ ಇವತ್ತು ನಮ್ಮ ಮನೆ ತುಂಬ ಕೋಳಿಗಳಿರುತ್ತಿದ್ದವು. ಗಿರಾಕಿಯಿಲ್ಲದ ಹೊತ್ತಿನಲ್ಲಿ ಏಣಿಯ ಮೇಲೇ ಕೂತು ಗುನುಗುನು ಓದುವರು. ಇದನ್ನು ಔಷಧಿ ಅಂಗಡಿಯವರು ಕಿಟಕಿಯಿಂದ ನೋಡಿದರು. ಅವರು ಗುಳಿಗೆಯ ಜೊತೆ ಸುದ್ದಿಯನ್ನೂ ಕಟ್ಟಿಕೊಡುವವರು. ಕೆಮ್ಮಿಗೆ ಬಂದವರಿಗೆ, ತಲೆನೋವಿಗೆ ಬಂದವರಿಗೆ, ಎಲ್ಲರಿಗೂ ಒಂದೊಂದು ಹೊತ್ತಿನದು ಹಂಚಿಬಿಟ್ಟರು: ಏಣಿಯಪ್ಪ ಜಪಾನಿಯಲ್ಲಿ ಮಹಾ ಪಂಡಿತ, ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ.

"ಸುಮ್ನೆ ನೋಡ್ತಿದ್ದೆ ಕಣ್ರೀ, ಇನ್ನೂ ಎರಡನೇ ಪಾಠದಲ್ಲಿದೀನಿ," ಎಂದು ನಮ್ಮವರು ಅಂದದ್ದೂ ಉಂಟು.

"ಎಂಥಾ ವಿನಯ! ಜಪಾನಿಯವರ ಹಾಗೇ!" ಎಂದರು ಅವರು.

ಇದು ಇಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅದೇ ವಾರ ನಗರಸಭೆಯ ಅಧಿಕಾರಿ ಬೆವರೊರೆಸಿಕೊಳ್ಳುತ್ತ ನಮ್ಮ ಅಂಗಡಿಗೆ ನುಗ್ಗಿದರು. ನಮ್ಮ ಊರಿಗೂ ಜಪಾನಿನ ಒಂದು ಊರಿಗೂ ನೆಂಟಸ್ತನವಾಗಿತ್ತಂತೆ. ಆ ಊರಿನ ಮೇಯರು ಹತ್ತಾರು ಮಂದಿ ಹಿರಿಯರನ್ನು ಕರೆದುಕೊಂಡು ಬರುತ್ತಿದ್ದರು. ಎಲ್ಲರೂ ಸೇರಿ ಒಂದು ರಾಜನ ನಾಟಕ ಆಡುವವರಿದ್ದರು, ಶನಿವಾರ ಸಂಜೆ. ಅಷ್ಟರಲ್ಲಿ ವಿಮಾನದವರು ಅವರ ಉಡುಪಿನ ಪೆಟ್ಟಿಗೆಗಳನ್ನು ಇನ್ಯಾವುದೋ ದೇಶಕ್ಕೆ ರವಾನಿಸಿಬಿಟ್ಟಿದ್ದರು.

"ನಿಮ್ಮ ಅಂಗಡಿ ಬಿಟ್ರೆ ಗತಿ ಇಲ್ಲ. ಶನಿವಾರ ಮಧ್ಯಾಹ್ನ ಎಲ್ರನ್ನೂ ಇಲ್ಲಿಗೇ ಕರ್ಕೊಂಡ್ ಬರ್ತೀನಿ. ನೀವು ವೇಷ ಹಾಕಿ ಕಳಿಸ್ಬೇಕು. ಮೇಯರ್ ಹತ್ರ ಒಳ್ಳೇ ಹೆಸರು ಬರ್ಬೇಕು ನೋಡಿ ಅಮ್ಮಾ," ಎಂದು ಅತ್ತೆಗೆ ಕೈಮುಗಿದರು.

"ಭಾಷೆ?" ಎಂದರು ಅತ್ತೆ.

"ಅದಕ್ಕೇನು, ದುಭಾಷಿ ಇದಾನೆ."

ಔಷಧಿ ಅಂಗಡಿಯವರು ಬಾಗಿಲಲ್ಲೇ ನಿಂತಿದ್ದರು. "ದುಭಾಷಿ ಯಾಕೆ ಸಾರ್? ನಮ್ಮ ಪಂಡಿತರೇ ಇದಾರಲ್ಲ, ನೋಡಿ ಮೇಲೆ!" ಎಂದರು. ಅಧಿಕಾರಿ ಕತ್ತೆತ್ತಿದರು. ಅತ್ತೆಯೂ ಎತ್ತಿದರು. ಅತ್ತೆ ಮಗನನ್ನು ಹಾಗೆ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಅನುಮಾನವಿತ್ತು, ಆದರೆ ಅದರ ಮೂಲೆಯಲ್ಲಿ ಒಂದು ಚೂರು ಆಸೆಯೂ ಇತ್ತು.

"ಹೌದೇನೋ?" ಎಂದರು.

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಎಷ್ಟೋ ವರ್ಷಗಳ ಮೇಲೆ ಅಮ್ಮ ಕತ್ತೆತ್ತಿ ಕೇಳಿದ ಪ್ರಶ್ನೆಗೆ ಇಲ್ಲ ಎನ್ನಲು ಯಾವ ಮಗನಿಗೆ ಬಾಯಿ ಬರುತ್ತದೆ? ನಮ್ಮವರು "ಸ್ವಲ್ಪ" ಎಂದರು. ಅಧಿಕಾರಿ ಅದನ್ನೂ ವಿನಯವೆಂದೇ ಬರೆದುಕೊಂಡು ಹೋದರು.

ಆವತ್ತಿನಿಂದ ನಮ್ಮ ಮನೆಯಲ್ಲಿ ಶಾಂತಿ ಎಂಬುದು ಕೆಟ್ಟಿತು. ನಮ್ಮವರ ಲೆಕ್ಕ ಸರಳವಾಗಿತ್ತು. ಉಡುಪಿನ ಅಂಗಡಿಯಲ್ಲಿ ಬೇಕಾಗುವುದು ಒಂದೇ ಮಾತು, ಇಂಗ್ಲಿಷಿನಲ್ಲಿ 'ವೇರ್'. ಟೋಪಿಗೂ ವೇರ್, ಚಡ್ಡಿಗೂ ವೇರ್. ಅದಕ್ಕೆ ಜಪಾನಿಯಲ್ಲಿ ಏನನ್ನುತ್ತಾರೋ ಅಷ್ಟು ಕಲಿತರೆ ಶನಿವಾರ ದಾಟಬಹುದು. ಪುಸ್ತಕದ ಕೊನೆಯಲ್ಲಿ ಆ ಪದ ಹುಡುಕಿದರು. ನೋಡುತ್ತಿದ್ದಂತೆ ಅವರ ಮುಖದ ಬಣ್ಣ ಇಳಿದುಹೋಯಿತು.

"ಏನಾಯ್ತ್ರೀ?"

"ಒಂದಲ್ಲ ಕಣೇ, ಏಳಿದೆ! ಮೈಗೆ ಹಾಕ್ಕೊಂಡ್ರೆ ಕಿರು. ಕಾಲಿಗಾದ್ರೆ ಹಕು. ತಲೆಗೆ ಕಬುರು. ಕನ್ನಡಕಕ್ಕೆ ಕಕೆರು. ಕೈಗವಸಿಗೆ ಹಮೆರು. ನಡುಪಟ್ಟಿಗೆ ಶಿಮೆರು. ಶಾಲಿಗೆ ಹಓರು. ಸರಿಯಾದ್ದನ್ನ ಆರಿಸ್ಕೊಳ್ಳಿ ಅಂತ ಕೆಳಗೆ ಬರ್ದಿದಾನೆ ಪುಣ್ಯಾತ್ಮ. ಯಾವ್ದು ಸರಿ ಅಂತ ಗೊತ್ತಿದ್ರೆ ಇವನ ಪುಸ್ತಕ ಯಾಕೆ ಕೊಳ್ತಿದ್ದೆ?"

ಔಷಧಿ ಅಂಗಡಿಯವರನ್ನು ಕರೆಸಿದೆವು. ಅವರು ಹಣೆ ಗಂಟಿಕ್ಕಿ ಏಳನ್ನೂ ಪರೀಕ್ಷಿಸಿದರು. "ಈ ಹಕು ನಮ್ಮ ಹಾಕು ಅಲ್ವೇನ್ರೀ? ನಮ್ಮಿಂದ್ಲೇ ತಗೊಂಡು ಹೋಗಿದಾರೆ!" ಎಂದು ಒಮ್ಮೆ ಹೆಮ್ಮೆಪಟ್ಟುಕೊಂಡರು. ಆಮೇಲೆ ತಮ್ಮ ವೃತ್ತಿಗೆ ತಕ್ಕ ಸಲಹೆ ಕೊಟ್ಟರು: "ನೋಡಿ, ಯಾವ ಜ್ವರ ಅಂತ ಗೊತ್ತಾಗದಿದ್ದಾಗ ನಾವು ಏನ್ಮಾಡ್ತೀವಿ? ಎಲ್ಲಕ್ಕೂ ನಡೆಯೋ ಒಂದು ಗುಳಿಗೆ ಕೊಡ್ತೀವಿ. ಇದ್ರಲ್ಲಿ ಮೊದಲನೇದು ಕಿರು. ಎಲ್ಲಕ್ಕೂ ಅದನ್ನೇ ಕೊಡಿ. ಯಾರೂ ಸಾಯಲ್ಲ."

ನಮ್ಮವರಿಗೆ ಮನಸ್ಸು ಒಪ್ಪಲಿಲ್ಲ. ಏಳನ್ನೂ ಉರುಹಚ್ಚಲು ಹೊರಟರು. ಸ್ನಾನಕ್ಕೆ ಹೋಗುವಾಗ ಕಿರು, ಚಪ್ಪಲಿ ಮೆಟ್ಟುವಾಗ ಹಕು. ನಾನು ಕನ್ನಡಕ ಹಾಕಿಕೊಂಡು ಅಕ್ಕಿ ಆರಿಸಲು ಕೂತರೆ ಎದುರಿಗೆ ಬಂದು ನಿಂತು "ಕಕೆರು, ಕಕೆರು" ಎಂದು ಜಪಿಸುವರು. ಹಾಲಿನವನು ತಲೆಗೆ ಟವೆಲು ಸುತ್ತಿಕೊಂಡಿದ್ದನ್ನು ಕಂಡು ಯಾವುದೆಂದು ನಿರ್ಧಾರವಾಗದೆ ಅವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡದ್ದರಿಂದ ಹಾಲು ಬಿಸಿಲಿಗೆ ಕೆಟ್ಟಿತು. ಕೇಳಿಸಿಕೊಂಡರೆ ಥಟ್ಟನೆ ಗೊತ್ತಾಗುತ್ತಿತ್ತು. ನಾನು ಪುಸ್ತಕ ನೋಡಿ "ಹಮೆರು" ಎಂದರೆ ಅವರ ಕೈ ತಾನಾಗಿ ಕೈಗವಸಿನ ಗೂಡಿಗೆ ಹೋಗುತ್ತಿತ್ತು. ಆದರೆ ತಾವೇ ಆರಿಸಿ ಹೇಳಬೇಕು ಎಂದಾಗ ಏಳೂ ಒಟ್ಟಿಗೆ ಗಂಟಲಿಗೆ ಬಂದು ಅಡ್ಡ ನಿಲ್ಲುತ್ತಿದ್ದವು. ಶುಕ್ರವಾರ ಸಂಜೆಯ ಹೊತ್ತಿಗೆ ಸೋತು, "ಕಿರುನೇ ಗತಿ" ಎಂದರು.

"ದುಭಾಷಿ ಇರ್ತಾನಲ್ರೀ," ಎಂದು ನಾನು ಧೈರ್ಯ ಹೇಳಿದೆ.

ದುಭಾಷಿ ಇದ್ದ. ಶನಿವಾರ ಬೆಳಿಗ್ಗೆ ಅವನಿಗೆ ನೆಗಡಿಯೂ ಇತ್ತು. ಔಷಧಿ ಅಂಗಡಿಯವರು ಅತಿಥಿಸತ್ಕಾರವೆಂದು ಎರಡು ಗುಳಿಗೆ ಕೊಟ್ಟರು. ಅವನು ನಮ್ಮ ಅಂಗಡಿಯ ಬೆಂಚಿನ ಮೇಲೆ ಒರಗಿದವನು ಗೊರಕೆ ಹೊಡೆಯತೊಡಗಿದ. ನೀರು ಚಿಮುಕಿಸಿದೆವು, ಅಲುಗಾಡಿಸಿದೆವು. ಅವನು ಒಮ್ಮೆ ಕಣ್ಣು ಬಿಟ್ಟು ಎರಡೂ ಭಾಷೆಯಲ್ಲಿ ಏನೋ ಹೇಳಿ ಮತ್ತೆ ಮಲಗಿದ.

"ಈಗ ಎಲ್ಲಾ ನಿಮ್ಮ ಕೈಲಿದೆ ಪಂಡಿತರೇ!" ಎಂದು ಅಧಿಕಾರಿ ನಮ್ಮವರ ಹೆಗಲು ಹಿಡಿದರು.

ಅಂಗಡಿ ತುಂಬ ಜಪಾನಿ ಹಿರಿಯರು. ಎಲ್ಲರೂ ಅಚ್ಚುಕಟ್ಟಾಗಿ ಸಾಲಾಗಿ ನಿಂತು ತಲೆಬಾಗಿಸಿದರು. ನಾವೂ ಬಾಗಿದೆವು. ಅವರು ಮತ್ತೆ ಬಾಗಿದರು. ಈ ಲೆಕ್ಕ ಎಲ್ಲಿಗೆ ಮುಗಿಯಬೇಕೆಂದು ಯಾರಿಗೂ ತಿಳಿಯದೆ ಅದರಲ್ಲೇ ಸ್ವಲ್ಪ ಹೊತ್ತು ಹೋಯಿತು. ನಾದಿನಿ ಮತ್ತು ಅವಳ ಗಂಡ, ಬೀದಿಯ ಅರ್ಧ ಜನ, ಎಲ್ಲರೂ ಬಾಗಿಲಲ್ಲಿ ಜಮಾಯಿಸಿದ್ದರು. ಅತ್ತೆ ಮಾತ್ರ ಸೂಜಿಯ ಡಬ್ಬಿ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಅವರು ಬಾಯಿಗೆ ಸೂಜಿ ಹಾಕಿರಲಿಲ್ಲ. ಮಗ ಏನು ಮಾಡುತ್ತಾನೋ ನೋಡೋಣ ಎಂಬಂತಿತ್ತು.

ಮೇಯರು ರಾಜನ ಪಾತ್ರ. ಎಂಬತ್ತರ ಹತ್ತಿರದ, ಸಣಕಲು, ಮಹಾ ಸಭ್ಯ ಮನುಷ್ಯ. ನಮ್ಮವರು ಏಣಿಯಿಂದ ಇಳಿದು ಅವರ ಕೈಗೆ ರಾಜನ ಬೂಟು ಕೊಟ್ಟರು. ಬಾಯಿ ತೆರೆದರು. ಏಳೂ ಬಂದವು, ಅಡ್ಡ ನಿಂತವು. ಕೊನೆಗೆ, "ಕಿರು, ಪ್ಲೀಸ್," ಎಂದರು.

ಮೇಯರು ಬೂಟನ್ನು ನೋಡಿದರು. ನಮ್ಮವರನ್ನು ನೋಡಿದರು. ಮೈಗೆ ತೊಡಿ ಎಂದು ಆತಿಥೇಯರು ಹೇಳಿದ ಮೇಲೆ ಇಲ್ಲಿನ ಪದ್ಧತಿಯೇ ಹಾಗಿರಬಹುದು, ಬೇಡ ಎಂದರೆ ಅಗೌರವವಾದೀತು ಎಂದುಕೊಂಡರೋ ಏನೋ, ತಲೆಬಾಗಿ ವಂದಿಸಿ ಎರಡೂ ಬೂಟುಗಳೊಳಗೆ ಕೈಗಳನ್ನು ಇಳಿಬಿಟ್ಟರು. ಮೊಣಕೈವರೆಗೆ ಏರಿಸಿಕೊಂಡು ಗಂಭೀರವಾಗಿ ನಿಂತರು.

"ಆಹಾ!" ಎಂದರು ಔಷಧಿ ಅಂಗಡಿಯವರು, ಏನೂ ತೋಚದೆ.

ನಮ್ಮವರು ಗಾಬರಿಯಲ್ಲಿ ಕಿರೀಟ ಕೊಟ್ಟು "ಕಿರು" ಎಂದರು. ಮೇಯರು ಅದನ್ನು ತಲೆಯಿಂದ ಇಳಿಸಿ ಭುಜದವರೆಗೂ ತರಲು ನೋಡಿದರು. ಅದು ಗಲ್ಲದ ಹತ್ತಿರ ಸಿಕ್ಕಿಕೊಂಡಿತು. ಮಂತ್ರಿ ಪಾತ್ರದವರು ನಡುಪಟ್ಟಿಯೊಳಗೆ ತೋಳು ತೂರಿಸುತ್ತಿದ್ದರು. ಇಷ್ಟಾದರೂ ಒಬ್ಬರೂ ನಗಲಿಲ್ಲ. ಅವರ ಆ ಸಭ್ಯತೆಯೇ ನಮ್ಮ ಎದೆಗೆ ಇರಿಯುತ್ತಿತ್ತು.

ಆಗ ಅಳಿಯಂದಿರು ತೋಳು ಮಡಿಚಿಕೊಂಡು ಮುಂದೆ ಬಂದರು. "ಸ್ವಲ್ಪ ಸರೀರಿ ಭಾವ, ಇದಕ್ಕೆಲ್ಲ ಇಂಗ್ಲಿಷೇ ಸರಿ," ಎಂದು ಗೂಡಿನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ತೆಗೆದು ನೆಲದ ಮೇಲೆ ರಾಶಿ ಹಾಕಿ, "ವೇರ್! ಆಲ್ ವೇರ್! ಪ್ಲೀಸ್ ವೇರ್!" ಎಂದು ಕಿವುಡರಿಗೆ ಹೇಳುವಂತೆ ಕೂಗಿದರು. ಅತಿಥಿಗಳು ಮತ್ತೊಮ್ಮೆ ಬಾಗಿ, ರಾಶಿಯಿಂದ ಒಂದೊಂದು ಎತ್ತಿಕೊಂಡು ಹಾಕಿಕೊಂಡರು. ಸೇನಾಪತಿಗೆ ರಾಣಿಯ ಶಾಲು ಬಂತು, ಸೊಂಟಕ್ಕೆ. ಇಬ್ಬರು ಒಂದೇ ನಿಲುವಂಗಿಯೊಳಗೆ ಹೊಕ್ಕರು. ಒಬ್ಬ ಅಜ್ಜ ಮೀಸೆಯನ್ನು ಹುಬ್ಬಿಗೆ ಅಂಟಿಸಿಕೊಂಡರು. ಅಧಿಕಾರಿ ಗಡಿಯಾರ ನೋಡಿ ಬೆಂಚಿನ ಮೇಲೆ, ದುಭಾಷಿಯ ಪಕ್ಕದಲ್ಲಿ, ಕುಸಿದು ಕೂತರು.

"ಮುಗೀತು, ನನ್ನ ಕೆಲಸ ಮುಗೀತು," ಎಂದರು.

ನಾನು ನಮ್ಮವರ ಮುಖ ನೋಡಿದೆ. ಅವರು ಯಾರನ್ನೂ ನೋಡುತ್ತಿರಲಿಲ್ಲ. ಮೆಲ್ಲಗೆ ಹಿಂದೆ ಸರಿದು ಏಣಿಯ ಹತ್ತಿರ ಹೋಗಿ, ಒಂದೊಂದೇ ಮೆಟ್ಟಿಲು ಹತ್ತಿ ತಮ್ಮ ಜಾಗದಲ್ಲಿ ಕೂತುಬಿಟ್ಟರು. ಅದನ್ನು ಕಂಡು ನನಗೆ ಅಳು ಬಂತು.

ಇಷ್ಟರಲ್ಲಿ ಅತಿಥಿಗಳ ಹಿಂದಿನಿಂದ ಒಬ್ಬ ಗಿಡ್ಡ ಅಜ್ಜಿ ಮುಂದೆ ಬಂದರು. ಅವರು ನಟಿಯಲ್ಲ. ಆ ತಂಡದವರಿಗೆ ವೇಷ ತೊಡಿಸುವವರು ಎಂದು ನಮಗೆ ಆಮೇಲೆ ತಿಳಿಯಿತು. ಪೆಟ್ಟಿಗೆಗಳು ಕಳೆದದ್ದಕ್ಕೆ ಇಡೀ ದಾರಿ ಅತ್ತಿದ್ದರೋ ಏನೋ, ಕಣ್ಣು ಕೆಂಪಾಗಿದ್ದವು. ಮೇಯರ ಕೈಗೆ ಏರಿದ ಬೂಟನ್ನು ಅವರು ಒಂದು ಕ್ಷಣ ನೋಡಿದರು. ನಿಟ್ಟುಸಿರು ಬಿಟ್ಟು ಕೈಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದರು. ಮುಚ್ಚಳ ತೆರೆದು, ಗುಂಡುಸೂಜಿಗಳನ್ನು ಒಂದೊಂದಾಗಿ ಎತ್ತಿ, ಸಾಲಾಗಿ ತುಟಿಗಳ ನಡುವೆ ಇಟ್ಟುಕೊಂಡರು.

ಅತ್ತೆ ಕುರ್ಚಿಯಿಂದ ಎದ್ದರು. ಮೊಣಕಾಲು ನೋವೆಂದು ತಿಂಗಳಿಂದ ನರಳುತ್ತಿದ್ದವರು, ಯಾರ ಆಸರೆಯೂ ಇಲ್ಲದೆ ಎದ್ದರು. ಆ ಅಜ್ಜಿಯ ಎದುರಿಗೆ ಹೋಗಿ ನಿಂತು, ಅವರ ಬಾಯಿಯನ್ನೇ ನೋಡಿದರು. ಸೂಜಿಗಳ ತಲೆಯೆಲ್ಲ ಬಲಕ್ಕೆ, ಮೊನೆಯೆಲ್ಲ ಎಡಕ್ಕೆ. ಅತ್ತೆಯೂ ಹಾಗೆಯೇ ಇಡುತ್ತಿದ್ದದ್ದು. ಅತ್ತೆ ತಮ್ಮ ಡಬ್ಬಿ ತೆರೆದು ತಮ್ಮ ಸೂಜಿಗಳನ್ನು ಬಾಯಿಗಿಟ್ಟುಕೊಂಡರು. ಇಬ್ಬರೂ ತಲೆ ಬಾಗಿಸಿದರು, ಒಂದೇ ಸಲ. ಕೆಲಸ ಶುರುವಾಯಿತು.

ಅಜ್ಜಿ ಮೇಯರ ಗಲ್ಲಕ್ಕೆ ಸಿಕ್ಕಿದ್ದ ಕಿರೀಟ ಬಿಡಿಸಿ, ಕೈಯಿಂದ ಬೂಟು ಕಿತ್ತು ಎಸೆದು, ಅವರ ಪಾದದ ಹತ್ತಿರ ಕೂತು, ತಲೆಯೆತ್ತದೆ ಹಲ್ಲಿನ ಸಂದಿಯಿಂದ ಏನೋ ಒಂದು ಅರ್ಧ ಶಬ್ದ ಬಿಟ್ಟರು. ಅದು ಜಪಾನಿ ಎಂದು ಗೊತ್ತಾಗುವಷ್ಟೂ ಇರಲಿಲ್ಲ. ಅವರ ಊರಿನವರೇ ಮುಖಮುಖ ನೋಡಿಕೊಂಡರು. ಮೇಲಿನಿಂದ ರಾಜನ ಬೂಟುಗಳ ಇನ್ನೊಂದು ಜೊತೆ, ಸರಿಯಾದ ಅಳತೆಯದು, ಅಜ್ಜಿಯ ಮಡಿಲಿಗೆ ಬಿತ್ತು.

ಅಜ್ಜಿ ಕತ್ತೆತ್ತಿ ಮೇಲೆ ನೋಡಿದರು. ನಮ್ಮವರು ಮುಂದಿನದಕ್ಕೆ ಕೈ ಚಾಚಿ ಸಿದ್ಧವಾಗಿದ್ದರು.

"ಇಗಿ," ಎಂದರು ಈ ಕಡೆಯಿಂದ ಅತ್ತೆ, ಮಂತ್ರಿಯ ಮುಂದೆ ನಿಂತು. ನಡುಪಟ್ಟಿ ಬಿತ್ತು. "ಶಿಎ..." ಎಂದರು ಆ ಕಡೆಯಿಂದ ಅಜ್ಜಿ. ಇನ್ನೊಂದು ನಡುಪಟ್ಟಿ ಬಿತ್ತು. "ತೂರಿಸು." ಕೈಗವಸು. "ಹಎ..." ಕೈಗವಸು. "ಹೊದಿ." "ಹಓ..." ಎರಡು ಶಾಲು ಎರಡು ಕಡೆಗೆ ರೆಕ್ಕೆಯಂತೆ ಹಾರಿದವು. ಶಿಮೆರುವಿನಲ್ಲಿ ಮ ಇರಲಿಲ್ಲ, ಹಮೆರುವಿನಲ್ಲೂ ಇರಲಿಲ್ಲ, ಕಬುರುವಿನಲ್ಲಿ ಬ ಇರಲಿಲ್ಲ. ಪದಗಳ ಬಾಲವನ್ನು ಅಜ್ಜಿ ಬೇರೇನೋ ಮಾಡಿ ನುಂಗುತ್ತಿದ್ದರು. ನಮ್ಮವರಿಗೆ ಇದಾವುದೂ ಅಡ್ಡಿಯಾಗಲಿಲ್ಲ. ತುಟಿ ಕೂಡದ ಮಾತು ಅವರಿಗೆ ಹುಟ್ಟಿನಿಂದ ಬಂದದ್ದು. ಏಣಿಯ ಮೇಲೆ ಈ ಗೂಡಿಗೂ ಆ ಗೂಡಿಗೂ ಓಲಾಡುತ್ತ ಎರಡು ಭಾಷೆಗೆ ಒಂದೇ ಕೈಯಿಂದ ಉತ್ತರ ಕೊಡುತ್ತಿದ್ದರು. ಆರಿಸಬೇಕಾದ ಕಷ್ಟ ಅವರ ಮೇಲೆ ಇರಲೇ ಇಲ್ಲ. ಆರಿಸುತ್ತಿದ್ದವರು ಆ ಇಬ್ಬರು. ಇವರು ಕೇಳಿಸಿಕೊಂಡರೆ ಸಾಕಿತ್ತು.

"ಭಾವನಿಗೆ ನಿಜವಾಗ್ಲೂ ಬರುತ್ತೆ ಅನ್ಸುತ್ತೆ," ಎಂದರು ಅಳಿಯಂದಿರು, ಮೆಲ್ಲಗೆ.

"ನಾನು ಮೊದ್ಲೇ ಹೇಳಿರ್ಲಿಲ್ವಾ?" ಎಂದರು ಔಷಧಿ ಅಂಗಡಿಯವರು, ಜೋರಾಗಿ.

ಬೆಳಕು ಇಳಿಯುವ ಮೊದಲೇ ನಮ್ಮ ಕನ್ನಡಿಯ ಮುಂದೆ ಒಂದು ಇಡೀ ರಾಜ್ಯ ಸಿದ್ಧವಾಗಿ ನಿಂತಿತ್ತು. ಮಂತ್ರಿಯ ಮೂಗಿಗೆ ಕನ್ನಡಕ, ರಾಣಿಯ ಬೆನ್ನಿಗೆ ಶಾಲು. ಹುಬ್ಬಿನ ಮೀಸೆ ಮೂಗಿನ ಕೆಳಗಿಳಿದಿತ್ತು. ಕಡೆಯದಾಗಿ ಮೇಯರ ಕಿರೀಟ ಉಳಿಯಿತು. ಇಬ್ಬರೂ ಅಜ್ಜಿಯರು ಒಂದೇ ಸಲ, "ಕಉ..." ಎಂದರು. ನಾನು ಉಜ್ಜಿ ಉಜ್ಜಿ ಹೊಳಪು ಬರಿಸಿದ್ದ ದೊಡ್ಡ ಕಿರೀಟವನ್ನು ನಮ್ಮವರು ಎಸೆಯಲಿಲ್ಲ. ಏಣಿಯಿಂದ ಇಳಿದು, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಇಬ್ಬರೂ ಆಚೀಚೆ ಹಿಡಿದು ಮೇಯರ ತಲೆಗೆ ಕವುಚಿದರು.

ಆಮೇಲೆ ನಾಟಕ ನಡೆಯಿತು. ಕಥೆ ನಮಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ, ಆದರೆ ರಾಜ ಕುಂಟುತ್ತ ಕುಂಟುತ್ತ ಸಿಂಹಾಸನದ ಕಡೆ ನಡೆದದ್ದು ಕಂಡು ಸಭೆ ಕಣ್ಣೀರು ಹಾಕಿತು. ಎಂಥಾ ಅಭಿನಯ ಎಂದು ಅಧಿಕಾರಿ ಭಾಷಣದಲ್ಲಿ ಕೊಂಡಾಡಿದರು. ನಾನು ಮಾತ್ರ ಆ ಬೂಟುಗಳನ್ನು ನೋಡಿ ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಎಲ್ಲರನ್ನೂ ಬೀಳ್ಕೊಟ್ಟೆವು. ಜಪಾನಿ ಅಜ್ಜಿ ಹೋಗುವಾಗ ತಮ್ಮ ಸೂಜಿ ಡಬ್ಬಿಯನ್ನು ಅತ್ತೆಗೆ ಕೊಟ್ಟು, ಅತ್ತೆಯದನ್ನು ತಾವು ತೆಗೆದುಕೊಂಡು ಹೋದರು. ಅದಕ್ಕೂ ಯಾರೂ ಅನುವಾದ ಮಾಡಬೇಕಾಗಲಿಲ್ಲ. ಅಂಗಡಿಯಲ್ಲಿ ನಾವು ಮನೆಯವರಷ್ಟೇ ಉಳಿದೆವು. ಅಳಿಯಂದಿರು ಗಂಟಲು ಸರಿಮಾಡಿಕೊಂಡು, "ಅತ್ತೆ, ಆ ಬೀಗದಕೈ ವಿಷಯ..." ಎಂದು ಶುರುಮಾಡಿದರು.

ಅತ್ತೆಯ ಬಾಯಲ್ಲಿ ಇನ್ನೂ ಎರಡು ಮೂರು ಸೂಜಿ ಇದ್ದವು. ಅಳಿಯಂದಿರ ಕಡೆ ನೋಡದೆ ಏಣಿಯ ಕಡೆ ತಿರುಗಿ, "ಸಿಕ್ಕಿಸು," ಎಂದರು.

ನಮ್ಮವರು ಗಲಿಬಿಲಿಗೊಂಡರು. ಇಷ್ಟು ವರ್ಷಗಳಲ್ಲಿ ಆ ಶಬ್ದ ಅವರು ಕೇಳಿರಲಿಲ್ಲ. ಯಾವ ಗೂಡಿಗೂ ಆ ಶಬ್ದವಿರಲಿಲ್ಲ. ಪದಕ ತೆಗೆದು ತೋರಿಸಿದರು, ಅತ್ತೆ ತಲೆಯಾಡಿಸಿದರು. ಗರಿ ತೋರಿಸಿದರು, ಅದೂ ಅಲ್ಲ. "ಇಳಿಯೋ ಕೆಳಗೆ," ಎಂದು ಅತ್ತೆ ಸನ್ನೆ ಮಾಡಿದರು. ಅವರು ಇಳಿದು ಬಂದು, ಬೈಗುಳಕ್ಕೆ ಸಿದ್ಧವಾದವರಂತೆ ತಲೆ ತಗ್ಗಿಸಿ ನಿಂತರು. ಅತ್ತೆ ತಮ್ಮ ಸೊಂಟದಿಂದ ಗೊಂಚಲು ಬಿಚ್ಚಿ, ನಟರಿಗೆ ಕಟ್ಟುವಷ್ಟೇ ಜಾಗ್ರತೆಯಿಂದ, ಮಗನ ಸೊಂಟಕ್ಕೆ ಸಿಕ್ಕಿಸಿದರು. ಸಡಿಲವಾಗಿದೆಯೇ ಎಂದು ಒಮ್ಮೆ ಎಳೆದು ನೋಡಿದರು. ಆಮೇಲೆ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದರು.

"ಎರಡೂ ಎಡಗಾಲಿನ ಬೂಟೇ ಕೊಟ್ಟಿದ್ಯಲ್ಲೋ," ಎಂದರು. "ಆ ಪುಣ್ಯಾತ್ಮರು ಬಾಯಿಬಿಡದೆ ಹಾಗೇ ನಡೆದ್ರು."

ಅಷ್ಟೇ. ಆದರೆ ಸೂಜಿ ತೆಗೆದು ಆಡಿದ ಆ ಮಾತಿನಲ್ಲಿ ಬೈಗುಳ ಇರಲಿಲ್ಲ. ಸ್ವರವೇ ಬೇರೆಯಾಗಿತ್ತು. ನಮ್ಮವರು ಗೊಂಚಲನ್ನು ಕೈಯಿಂದ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಅಳಿಯಂದಿರು ಸಮಯ ನೋಡಿ ಮನೆಗೆ ಹೊರಟರು.

ಅತ್ತೆ ಆಮೇಲೆ ಬಹಳ ವರ್ಷ ಮೂಲೆಯ ಕುರ್ಚಿಯಲ್ಲಿ ಕೂತು ನಮ್ಮ ಕೆಲಸ ನೋಡಿದರು. ಈಗ ಆ ಕುರ್ಚಿ ಖಾಲಿ. ಯಾರೂ ಅದರ ಮೇಲೆ ಕೂರುವುದಿಲ್ಲ. ಬಟ್ಟೆ ಇಡುವುದಕ್ಕೂ ನಮಗೆ ಮನಸ್ಸು ಬಂದಿಲ್ಲ. ಕಿರೀಟಗಳನ್ನು ಈಗಲೂ ನಾನೇ ಉಜ್ಜುತ್ತೇನೆ. ಜಪಾನಿ ಪುಸ್ತಕದ ಮೇಲೆ ಏಣಿಯ ಗಿಡ್ಡ ಕಾಲು ನಿಂತಿದೆ, ಈಗ ಅದು ಅಲುಗಾಡುವುದಿಲ್ಲ. ಬೀದಿಯಲ್ಲಿ ಇನ್ನೂ ನಮ್ಮವರನ್ನು ಪಂಡಿತರೇ ಎನ್ನುತ್ತಾರೆ. ಅವರು ಮಾತ್ರ ತಮಗೆ ಸ್ವಲ್ಪವೇ ಬರುವುದು ಎನ್ನುತ್ತಾರೆ, ಯಾರೂ ನಂಬುವುದಿಲ್ಲ.

ಈಗ ಸೂಜಿಗಳು ನಮ್ಮವರ ತುಟಿಗಳ ನಡುವೆ ಇವೆ, ಜಪಾನಿ ಅಜ್ಜಿಯ ಡಬ್ಬಿಯವು. ಏಣಿಯ ಮೇಲೆ ನಾನು. ಮೊನ್ನೆ ಒಬ್ಬ ರಾಜನಿಗೆ ವೇಷ ಹಾಕುತ್ತ "ಎಟ್ಟು" ಎಂದರು. ನಾನು ಬೂಟು ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಾಯಿಂದ ಸೂಜಿ ತೆಗೆದು, ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿ, ನನ್ನನ್ನು ಕೇಳಿದರು:

"ಲೇ, ಇದು ಎಡಗಾಲಿಂದಾ, ಬಲಗಾಲಿಂದಾ?"